ಮೀನಿಗೊಂದು ಮೊಳೆ

ತೊಂದರೆ ಹುಟ್ಟಿದ್ದು ಒಂದು ಮೊಳೆಯಿಂದ. ಕಿರುಬೆರಳುದ್ದದ, ತುಕ್ಕು ಹಿಡಿದ, ತಲೆ ಚಪ್ಪಟೆಯಾದ ಹಳೆಯ ಮೊಳೆ. ಬೀರಣ್ಣ ಬೆನ್ನು ತಿರುಗಿಸಿದ್ದನ್ನು ನೋಡಿ, ಖಾನಾಪುರದಲ್ಲಿ ಮೀನು ಮಾರುವ ಸಿದ್ದಕ್ಕ ಅದನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಐಸ್ ಡಬ್ಬಿಯಲ್ಲಿ ಮಲಗಿದ್ದ ಕಟ್ಲಾ ಮೀನಿನ ಪಕ್ಕ ಮೆಲ್ಲಗೆ ತುರುಕಿದಳು. ಬೀರಣ್ಣ ಸರಿಯಾಗಿ ಅದೇ ಹೊತ್ತಿಗೆ ತಿರುಗಿದ.

“ಸಿದ್ದಕ್ಕ, ಏನದು?”

“ಏನಿಲ್ರಿ ಸಾಹೇಬ್ರ. ಮೊಳಿ.”

“ಮೀನಿನ ಕೂಡ ಮೊಳಿ ಯಾಕ?”

ಇಷ್ಟು ಓದಿದವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ ಸಿದ್ದಕ್ಕ ಅವನನ್ನು ನೋಡಿದಳು. “ಇವತ್ತ ಶನಿ ಅಮಾಸಿ ರೀ. ಹಸೀ ಮೀನ ಹೊತ್ಕೊಂಡು ಹಾದಿ ಹಿಡದ್ರ ದೆವ್ವ ಗಾಳಿ ಬೆನ್ನ ಹತ್ತೂದಿಲ್ಲೇನ್ರಿ? ಕಬ್ಬಣ ಇತ್ತಂದ್ರ ಹತ್ರ ಬರೂದಿಲ್ಲ. ಇದು ನಮ್ಮತ್ತಿ ಕೊಟ್ಟ ಮೊಳಿ. ನಾ ಬುಟ್ಟಿ ಹೊತ್ತಾಗಿಂದ ಇದ ನನ್ನ ಕಾದೈತಿ.”

ಬೀರಣ್ಣ ತಲೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. ಅವನು ಬೆಳಗಾವಿಯ ಅಂಚಿನ ಮಚ್ಛೆಯಲ್ಲಿರುವ ಒಂದು ಆಹಾರ ಪರೀಕ್ಷೆಯ ಲ್ಯಾಬಿನ ನೌಕರ. ಸುತ್ತಲಿನ ಹೊಳೆ, ಕೆರೆಗಳಲ್ಲಿ ಹಿಡಿದ ಮೀನಿನ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವುದು ಅವನ ಕೆಲಸ. ಮೀನಿನ ಮೈಯಲ್ಲಿ ಸೀಸ, ಪಾದರಸದಂಥ ವಿಷದ ಲೋಹ ಸೇರಿದೆಯೇ ಎಂದು ಅಲ್ಲಿ ನೋಡುತ್ತಾರೆ. ಸೇರಿರದಿದ್ದರೆ ಮಾರುವವರ ಬುಟ್ಟಿಗೆ ಹಸಿರು ಲೇಬಲ್, ಸೇರಿದ್ದರೆ ಕೆಂಪು. ಅಂಥ ಪರೀಕ್ಷೆಗೆ ಹೊರಟ ಮೀನಿನ ಮಗ್ಗುಲಿಗೆ ಈ ಪುಣ್ಯಾತ್ಗಿತ್ತಿ ಕಬ್ಬಿಣದ ಮೊಳೆಯನ್ನೇ ಮಲಗಿಸಿದ್ದಳು.

“ಅಕ್ಕಾ, ಅಲ್ಲಿ ನೋಡೂದ ಲೋಹ. ಒಳಗ ಮೊಳಿ ಕಂಡ್ರ ಮೀನಾನ ವಾಪಸ್ ಕಳಸ್ತಾರ. ಆಮ್ಯಾಲೆ ನಿನ್ನ ಲೇಬಲ್ ಏನಾಗಬೇಕು?”

ಲೇಬಲ್ ಎಂದ ಕೂಡಲೇ ಸಿದ್ದಕ್ಕನ ಮುಖ ಸಣ್ಣದಾಯಿತು. ಬೇಸಿಗೆಯಲ್ಲಿ ಸೇತುವೆಯ ಕೆಳಗೆ ಒಂದೆರಡು ಮೀನು ಸತ್ತು ತೇಲಿದ್ದವು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಹೊಳೆಯಲ್ಲೆಲ್ಲ ವಿಷ ಅಂತ ಬರೆದು ಊರ ತುಂಬ ಹಂಚಿದ್ದ. ಆವತ್ತಿನಿಂದ ಸಿದ್ದಕ್ಕನ ಬುಟ್ಟಿಯ ಹತ್ತಿರ ಬಂದವರು ಬಗ್ಗಿ ಮೀನು ನೋಡಿ, ಎದ್ದು ಅವಳ ಮುಖ ನೋಡಿ, ಮುಂದೆ ಹೋಗುತ್ತಿದ್ದರು. ಗಂಡನಿಲ್ಲದ ಹೆಂಗಸು, ಹೊಳೆ ಬಿಟ್ಟರೆ ಬೇರೆ ಹೊಲವಿಲ್ಲ, ಮನೆಯಿಲ್ಲ ಎನ್ನುವಂಥ ಬದುಕು. ಟಿಳಕವಾಡಿಯ ಖಾನಾವಳಿ ಮಾಲೀಕ ಶಶಿಧರ ಮಾತ್ರ ಒಂದು ಮಾತು ಕೊಟ್ಟಿದ್ದ: ಹಸಿರು ಲೇಬಲ್ ತಂದರೆ ಸೋಮವಾರದಿಂದ ದಿನಾ ಒಂದು ಬುಟ್ಟಿ ಅವಳಿಂದಲೇ. ತರದಿದ್ದರೆ ಗೋವೆಯಿಂದ ಬರುವ ಸಮುದ್ರದ ಮೀನು. ಲ್ಯಾಬಿಗೆ ಭಾನುವಾರ ರಜೆ. ಇವತ್ತು ಸಂಜೆ ನಾಲ್ಕರೊಳಗೆ ಮೀನು ಅಲ್ಲಿ ಮುಟ್ಟಬೇಕು.

ಸಿದ್ದಕ್ಕ ಮೊಳೆಯನ್ನು ಹೊರತೆಗೆದು ಸೆರಗಿಗೆ ಒರೆಸಿ, ಮತ್ತೆ ಗಂಟು ಹಾಕಿಕೊಂಡಳು. ಮುನಿಸಿಕೊಂಡ ಮಗುವನ್ನು ಒಳಗೆ ಕರೆದುಕೊಂಡ ಹಾಗಿತ್ತು ಆ ಗಂಟು ಹಾಕುವ ರೀತಿ.

“ಚಹಾ ಕೊಟ್ರ ಒಲ್ಲೆ ಅಂತೀರಿ. ಮೊಳಿ ಕೊಟ್ರೂ ಒಲ್ಲೆ ಅಂತೀರಿ. ಏನರ ಒಂದ ತಗೋರಿ ಸಾಹೇಬ್ರ.”

“ಮಾರವ್ರ ಕಡಿಂದ ಏನೂ ತಗೋಬಾರದಂತ ನಿಯಮ ಐತಿ, ಅಕ್ಕಾ.”

“ನಿಯಮ ಮಾಡಿದವ್ರು ಯಾರರ ಶನಿ ಅಮಾಸಿ ದಿನ ಮೀನ ಹೊತ್ತಾರೇನು?”

ಬೀರಣ್ಣ ಮುಚ್ಚಳ ಬಿಗಿದ. ಡಬ್ಬಿ ಎತ್ತಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದ. ಅಷ್ಟರಲ್ಲಿ ಫೋನ್ ಬಂತು. ಊರಿಂದ ಅವ್ವ ಸತ್ಯವ್ವ. ಅವಳು ದಿನಾ ಕೇಳುವುದು ಒಂದೇ ಪ್ರಶ್ನೆ.

“ಕೊರಳಾಗ ತಾಯತ ಅದನೋ?”

“ಅದ ಅವ್ವ.”

“ಇವತ್ತ ಶನಿ ಅಮಾಸಿ. ಜಳಕಾ ಮಾಡುವಾಗೂ ತಗೀಬ್ಯಾಡ.”

ಅಪ್ಪ ತೀರಿಕೊಂಡಾಗ ಸತ್ಯವ್ವ ತನ್ನ ಕಾಲುಂಗುರ ತೆಗೆದು ಊರಿನ ಪತ್ತಾರನಿಗೆ ಕೊಟ್ಟು, ಆ ಬೆಳ್ಳಿ ಕರಗಿಸಿ ಮಗನಿಗೆ ಒಂದು ತಾಯತ ಮಾಡಿಸಿದ್ದಳು. ಗಂಡ ಹೋದ, ಮಗನಾದರೂ ಉಳಿಯಲಿ ಎಂದು. ಬೀರಣ್ಣನಿಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ. ಲ್ಯಾಬಿನಲ್ಲಿ ಯಾರಿಗೂ ಕಾಣದಂತೆ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಳ್ಳುತ್ತಿದ್ದ. ಆದರೆ ತೆಗೆಯುತ್ತಿರಲಿಲ್ಲ. ಕೆಲವು ವಸ್ತುಗಳನ್ನು ನಂಬಿಕೆಯಿಲ್ಲದೆಯೂ ಧರಿಸಬಹುದು, ಕೊಟ್ಟವರು ಬದುಕಿದ್ದರೆ ಸಾಕು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ನಾಗಲಿಂಗ ಮೂಗು ಅರಳಿಸಿದ.

“ಡಬ್ಬ್ಯಾಗ ಏನೈತ್ರಿ?”

“ಸ್ಯಾಂಪಲ್ ರೀ.”

“ಸ್ಯಾಂಪಲ್ ಅಂದ್ರ?”

“ಮೀನು.”

ಸೀಟಿ ಊದಲು ಬಾಯಿಗಿಟ್ಟಿದ್ದ ನಾಗಲಿಂಗ ಅದನ್ನು ಹೊರತೆಗೆದ. “ಮೊಳಿ ಹಾಕೀರಿಲ್ಲೋ?”

“ಇಲ್ರಿ.”

“ಡ್ರೈವರ್ ಸಾಹೇಬ್ರ, ಗಾಡಿ ಬಂದ್ ಮಾಡ್ರಿ!”

ಡ್ರೈವರ್ ಗಾಡಿ ಬಂದ್ ಮಾಡಿದ್ದಷ್ಟೇ ಅಲ್ಲ, ಇಂಜಿನ್ನಿಗೆ ಕೈ ಮುಗಿದ. ಬಸ್ಸಿನ ತುಂಬ ಸುದ್ದಿ ಹರಡಿತು. ಶನಿ ಅಮಾಸಿ, ಹಸಿ ಮೀನು, ಮೊಳೆ ಇಲ್ಲ. ಹಿಂದಿನ ಸೀಟಿನ ಅಜ್ಜಿಯೊಬ್ಬಳು “ಅರೇ ದೇವಾ” ಎಂದು ಮರಾಠಿಯಲ್ಲಿ ಶುರು ಮಾಡಿ ಉಳಿದದ್ದನ್ನು ಕನ್ನಡದಲ್ಲಿ ಮುಗಿಸಿದಳು.

“ನೋಡ್ರಿ,” ಎಂದ ನಾಗಲಿಂಗ, ಅನುಭವದ ದನಿಯಲ್ಲಿ. “ಹೋದ ಅಮಾಸಿಗೆ ಒಬ್ಬಾಂವ ಮಟನ್ ತಗೊಂಡು ಹತ್ತಿದ್ದ. ನಿಮ್ಮಂಗ ಮೊಳಿ ಹಾಕಿದ್ದಿಲ್ಲ. ದೇಸೂರ ದಾಟಿದ್ದಿಲ್ಲ, ಟಾಯರ್ ಪಂಕ್ಚರ್. ಇಳದು ನೋಡಿದ್ರ ಟಾಯರ್‌ದಾಗ ಏನಿತ್ತು ಗೊತ್ತೇನ್ರಿ? ಮೊಳಿ!”

“ಹಂಗಾದ್ರ ಮೊಳಿ ಇತ್ತಲ್ರಿ!” ಎಂದ ಬೀರಣ್ಣ.

“ಅದನ ನಾ ಹೇಳೂದು. ಡಬ್ಬ್ಯಾಗ ಇರಬೇಕಾದ್ದು ಟಾಯರ್‌ದಾಗ ಇತ್ತು.”

ಬಸ್ಸಿನವರೆಲ್ಲ ತಲೆಯಾಡಿಸಿದರು. ಬೀರಣ್ಣ ಲೋಹದ ಪರೀಕ್ಷೆ, ಲೇಬಲ್, ಸಿದ್ದಕ್ಕ ಎಲ್ಲವನ್ನೂ ವಿವರಿಸಿದ. ಜನ ಗಮನವಿಟ್ಟು ಕೇಳಿದರು. ಕೇಳಿ, ಸಿದ್ದಕ್ಕನ ಬಗ್ಗೆ ಮರುಗಿದರು. ಮರುಗಿ, ಅಂಥ ಬಡವಿಯ ಮೀನನ್ನು ಕಾವಲಿಲ್ಲದೆ ಕಳಿಸುವುದು ಮಹಾಪಾಪ ಎಂದು ಇನ್ನೂ ಗಟ್ಟಿಯಾಗಿ ತೀರ್ಮಾನಿಸಿದರು. ಅಜ್ಜಿ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಡಬ್ಬಿಯ ಮುಚ್ಚಳ ಎತ್ತಿದಳು. ಬೀರಣ್ಣ ಮುಚ್ಚಿದ. ಇನ್ನೊಬ್ಬ ಬೀಗದ ಕೈ ಹಿಡಿದುಕೊಂಡು ಬಂದ. ಕಾಲೇಜಿನ ಹುಡುಗಿಯೊಬ್ಬಳು ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತೆಗೆದುಕೊಟ್ಟಳು. ಮುಚ್ಚಳ ಏಳುವುದು, ಬೀಳುವುದು, ಒಳಗಿನ ತಂಪು ಹೊರಗೆ ಹೋಗುವುದು ನಡೆದೇ ಇತ್ತು. ಕೊನೆಗೆ ಬೀರಣ್ಣ ಡಬ್ಬಿಯ ಮೇಲೆ ಮಗುಚಿ ಮಲಗಿ, ಮೊಟ್ಟೆಯ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೈಕಾಲು ಹರಡಿದ.

“ಒಳಗ ಬ್ಯಾಡ್ರಿ! ಹೊರಗ ಕಟ್ರಿ, ನಿಮ್ಮ ಕಾಲ ಬೀಳ್ತೀನಿ!”

ರಾಜಿಯಾಯಿತು. ಪಿನ್ನು, ಬೀಗದ ಕೈ, ಕೈವಾರ, ಡ್ರೈವರ್ ಕೊಟ್ಟ ಒಂದು ನಟ್ಟು, ಎಲ್ಲವನ್ನೂ ದಾರದಲ್ಲಿ ಪೋಣಿಸಿ ಡಬ್ಬಿಯ ಹಿಡಿಕೆಗೆ ಕಟ್ಟಿದರು. ಬಸ್ಸು ಹೊರಟಿತು. ಆದರೂ ಡ್ರೈವರನಿಗೆ ಪೂರ್ತಿ ಧೈರ್ಯ ಬಂದಿರಲಿಲ್ಲ. ದೇಸೂರು ದಾಟುವವರೆಗೆ ಅವನು ಓಡಿಸಿದ ವೇಗಕ್ಕೆ ಪಕ್ಕದಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ಬಸ್ಸಿನವರೊಂದಿಗೆ ಸಾವಕಾಶವಾಗಿ ಮಾತಾಡಿಕೊಂಡು ಬಂದ.

ಆ ಬಸ್ಸು ದಾರಿಯಲ್ಲಿ ಮಚ್ಛೆಯಲ್ಲಿ ನಿಲ್ಲುವಂಥದ್ದಲ್ಲ. ಬೆಳಗಾವಿ ಮುಟ್ಟಿ, ಒಡವೆಗಳನ್ನೆಲ್ಲ ಆಯಾ ಒಡೆಯರಿಗೆ ಬಿಚ್ಚಿಕೊಟ್ಟು, ಬೀರಣ್ಣ ಡಬ್ಬಿ ತೆರೆದು ನೋಡಿದರೆ ಐಸ್ ನೀರಾಗಿತ್ತು. ಮೀನಿನ ಕಣ್ಣು ಇನ್ನೂ ಸ್ವಚ್ಛವಿತ್ತು. ಆದರೆ ಬಿಸಿಲಿಗೆ ಕರುಣೆಯಿರುವುದಿಲ್ಲ. ಹತ್ತಿರದ ಐಸ್ ಅಂಗಡಿಗೆ ಓಡಿದ. ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿತ್ತು. ಮಾಲೀಕ ಅಮಾಸಿಗೆಂದು ದೇವರಿಗೆ ಹೋಗಿದ್ದ. ಉಳಿದದ್ದು ಒಂದೇ ದಾರಿ. ಟಿಳಕವಾಡಿಯಲ್ಲಿ ಅವನು ಬಾಡಿಗೆಗಿದ್ದ ಮನೆಯ ಒಡತಿ ಬಸವಣ್ಣೆವ್ವನ ಫ್ರಿಜ್ಜು.

ಬಸವಣ್ಣೆವ್ವ ದಿನಾ ಲಿಂಗಪೂಜೆಯಾಗದೆ ನೀರು ಮುಟ್ಟದವಳು. ಕೋಣೆ ಬಾಡಿಗೆ ಕೊಡುವಾಗ ಅವಳು ಹಾಕಿದ್ದು ಒಂದೇ ಷರತ್ತು: ತತ್ತಿಯ ಸಿಪ್ಪೆ ಸಹ ಕಾಂಪೌಂಡಿನೊಳಗೆ ಕಾಣಬಾರದು. ಬೀರಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಹಾಲು, ನೀರು ನೋಡುತ್ತಾರೆ ಎಂದುಕೊಂಡಿದ್ದಳು. ಬೀರಣ್ಣ ಅದನ್ನು ತಿದ್ದಲು ಹೋಗಿರಲಿಲ್ಲ.

ಗೇಟಿನ ಹೊರಗೆ ನಿಂತೇ ಕೂಗಿದ. “ಅಮ್ಮಾರ, ಸ್ವಲ್ಪ ಐಸ್ ಬೇಕಾಗಿತ್ರಿ.”

“ಒಳಗ ಬಾರೋ. ಹೊರಗ್ಯಾಕ ನಿಂತಿ?”

“ಬರೂಹಂಗಿಲ್ರಿ. ಡಬ್ಬ್ಯಾಗ ಮೀನ ಐತ್ರಿ.”

ಬಸವಣ್ಣೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪಕ್ಕದ ಮನೆಯ ಅನುರಾಧಾ ಒಗೆದ ಬಟ್ಟೆ ಹರವುವುದನ್ನು ಬಿಟ್ಟು ಗೋಡೆಯ ಮೇಲಿಂದ ಇಣುಕಿದಳು.

“ಮೀನಾ? ನನ್ನ ಫ್ರಿಜ್ಜಿನ ಐಸ್, ಮೀನಕ್ಕ? ಶಿವಶಿವಾ! ಬೀರಣ್ಣ, ನಿನ್ನ ಎಂಥಾ ಹುಡುಗ ಅಂತ ತಿಳಕೊಂಡಿದ್ದೆ!”

ಬೀರಣ್ಣ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. ಹೊಳೆಯ ಸುದ್ದಿ, ಯಾರೂ ಕೊಳ್ಳದ ಬುಟ್ಟಿ, ಶಶಿಧರನ ಮಾತು, ನಾಲ್ಕು ಗಂಟೆ. ಬಸವಣ್ಣೆವ್ವ ಕೇಳಿಸಿಕೊಂಡಳು.

“ಗಂಡ ಇಲ್ಲೇನು ಆಕಿಗೆ?”

“ಇಲ್ರಿ.”

“ಮಕ್ಕಳು?”

“ಇಲ್ರಿ.”

ಅವಳು ತಟ್ಟನೆ ತಿರುಗಿ ಒಳಗೆ ಹೋದಳು. ಸಿಟ್ಟು ಬಂತೆಂದುಕೊಂಡು ಬೀರಣ್ಣ ಹೊರಡಬೇಕೆನ್ನುವಷ್ಟರಲ್ಲಿ ಪಾತೇಲಿ ತುಂಬ ಐಸ್ ತಂದಳು. ಮೀನನ್ನು ನೋಡಬಾರದೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಗೇಟಿನ ಮೇಲಿಂದ ಪಾತೇಲಿ ಬೋರಲು ಹಾಕಿದಳು. ಮೊದಲ ಪಾಲು ಬೀರಣ್ಣನ ಅಂಗಿಯೊಳಗೆ ಇಳಿಯಿತು. “ಎಡಕ್ಕ ರೀ, ಎಡಕ್ಕ!” ಎಂದು ಅನುರಾಧಾ ಗೋಡೆಯ ಮೇಲಿಂದ ದಾರಿ ತೋರಿಸಿದ ಮೇಲೆ ಉಳಿದದ್ದು ಡಬ್ಬಿಗೆ ಬಿತ್ತು.

ಬೀರಣ್ಣ ಮುಚ್ಚಳಕ್ಕೆ ಕೈ ಹಾಕಿದ. ಅಷ್ಟರಲ್ಲಿ ಬಸವಣ್ಣೆವ್ವ ಮಡಿಲಿನಿಂದ ಚಿಟಿಕೆ ವಿಭೂತಿ ತೆಗೆದು, ಕಣ್ಣು ಮುಚ್ಚಿಕೊಂಡೇ ಡಬ್ಬಿಯ ಕಡೆಗೆ ತೂರಿದಳು. ಬೀರಣ್ಣ ಚೆಂಡು ತಡೆಯುವವನಂತೆ ಹಣೆ ಒಡ್ಡಿದ. ವಿಭೂತಿ ಪೂರ್ತಿ ಅವನ ಮುಖದ ಮೇಲೆ ಬಿತ್ತು.

“ಮೀನಕ್ಕಲ್ಲೋ ಅದು,” ಎಂದಳು ಬಸವಣ್ಣೆವ್ವ. “ಆ ಹೆಣ್ಮಗಳ ತುತ್ತಿಗೆ ಕೊಟ್ಟೇನಿ. ಲಗೂ ಹೋಗು.”

ಆಟೊ ಸಿಕ್ಕಿತು. ಮಚ್ಛೆಯ ಹೊರಗೆ, ಕಾರ್ಖಾನೆಗಳ ಸಾಲು ಶುರುವಾಗುವಲ್ಲಿ, ಆಟೊದ ಮುಂದಿನ ಗಾಲಿ ಉಸ್ ಎಂದಿತು. ಚಾಲಕ ಇಳಿದು ನೋಡಿದ. ಬೀರಣ್ಣ ಕೇಳಬಾರದೆಂದುಕೊಂಡರೂ ಕೇಳಿದ.

“ಏನೈತ್ರಿ ಅದರಾಗ?”

“ಮತ್ತೇನ್ರಿ. ಮೊಳಿ.”

ಬೀರಣ್ಣ ಡಬ್ಬಿ ಹೊತ್ತು ನಡೆದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮುಖದ ಮೇಲಿನ ವಿಭೂತಿ ಬೆವರಿಗೆ ಕರಗಿ ಕಣ್ಣಿಗಿಳಿಯುತ್ತಿತ್ತು. ಅಮಾಸಿಯ ಅರ್ಧ ರಜೆಗೆ ಕಾರ್ಖಾನೆಗಳು ಬಾಗಿಲು ಹಾಕಿ ದಾರಿ ಖಾಲಿಯಾಗಿತ್ತು. ಯಾರೋ ಹಿಂದೆ ಬರುತ್ತಿದ್ದಂತೆ ಅನ್ನಿಸಿತು. ನಿಂತ. ಹಿಂದಿನದೂ ನಿಂತಿತು. ನಡೆದ. ಅದೂ ನಡೆಯಿತು. ಎದೆ ಗಟ್ಟಿ ಮಾಡಿಕೊಂಡು ತಿರುಗಿದರೆ ಒಂದು ಕಪ್ಪು ನಾಯಿ, ನಾಲಿಗೆ ಹೊರಗೆ ಹಾಕಿಕೊಂಡು ಡಬ್ಬಿಯನ್ನೇ ನೋಡುತ್ತಿತ್ತು.

“ಹಚಾ!” ಎಂದ. ಅದು ಕದಲಲಿಲ್ಲ. ಕಲ್ಲು ಹುಡುಕಲು ಬಗ್ಗಿದರೆ ಡಬ್ಬಿ ವಾಲಿತು. ಹೆದರಿ ಅಪ್ಪಿಕೊಂಡ.

ಆಗ ಬೀರಣ್ಣನಿಗೆ ಏನಾಯಿತೋ ಹೇಳುವುದು ಕಷ್ಟ. ದೆವ್ವಕ್ಕೆ ಹೆದರುವ ಮನುಷ್ಯನಲ್ಲ ಅವನು. ಆದರೆ ಖಾಲಿ ರಸ್ತೆಯಲ್ಲಿ ನಿಂತಾಗ ಅವನ ಕಣ್ಣ ಮುಂದೆ ಬಂದದ್ದು ಸೆರಗಿಗೆ ಮೊಳೆ ಒರೆಸಿ ಗಂಟು ಹಾಕಿಕೊಂಡ ಸಿದ್ದಕ್ಕ. ಇದು ತನ್ನ ವಿಷಯವಾಗಿದ್ದರೆ ಬಿಡಬಹುದಿತ್ತು. ಇನ್ನೊಬ್ಬರ ಅನ್ನ ತನ್ನ ಕೈಯಲ್ಲಿದ್ದಾಗ, ಇಲ್ಲ ಎಂದು ಗೊತ್ತಿದ್ದರೂ, ಒಂದು ವೇಳೆ ಇದ್ದರೆ ಎನ್ನಿಸುತ್ತದೆ. ಲ್ಯಾಬಿನ ಗೇಟು ಅಗೋ ಅಲ್ಲಿ ಕಾಣುತ್ತಿತ್ತು. ಅಲ್ಲಿಯವರೆಗೆ ಮಾತ್ರ. ಕಬ್ಬಿಣವಲ್ಲ, ತುಕ್ಕಲ್ಲ, ಅಪ್ಪಟ ಬೆಳ್ಳಿ. ಜನ ಬೆಳ್ಳಿಯ ತಟ್ಟೆಯಲ್ಲಿ ಉಣ್ಣುವುದಿಲ್ಲವೇ? ಅಂಗಿಯ ಗುಂಡಿ ಬಿಚ್ಚಿ, ತಾಯತ ತೆಗೆದು, ಮೀನಿನ ಬಾಯೊಳಗೆ ಇಟ್ಟು, ಮುಚ್ಚಳ ಮುಚ್ಚಿದ.

ನಾಯಿ ಆಕಳಿಸಿತು. ತಿರುಗಿ ತನ್ನ ದಾರಿ ಹಿಡಿದು ಹೋಯಿತು.

ಬೀರಣ್ಣ ಒಮ್ಮೆ ನಾಯಿಯನ್ನು, ಒಮ್ಮೆ ಡಬ್ಬಿಯನ್ನು ನೋಡಿದ. ಓಡಿದ. ಗೇಟಿನ ಕಾವಲುಗಾರ ಕರೆಪ್ಪ, “ಲಗೂನ ಬಾರೋ ಮಾರಾಯಾ, ಮೇಡಂ ಗಡಿಯಾರ ನೋಡಾಕತ್ತಾರ!” ಎಂದು ಅವನ ಕೈಯಿಂದ ಡಬ್ಬಿ ಕಿತ್ತುಕೊಂಡು, ಅದೇ ಓಟದಲ್ಲಿ ಒಳಗೆ ತಲುಪಿಸಿಬಿಟ್ಟ. ಬೀರಣ್ಣ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಮೀನು ಮುಟ್ಟಿತು, ಸಿದ್ದಕ್ಕ ಉಳಿದಳು ಎಂಬ ಸಂತೋಷದಲ್ಲಿ ತಾಯತದ ನೆನಪೇ ಹಾರಿಹೋಗಿತ್ತು.

ಲ್ಯಾಬಿನ ಮುಖ್ಯಸ್ಥೆ ನೇತ್ರಾ ಮೇಡಂ ಮೀನನ್ನು ಮೇಜಿನ ಮೇಲೆ ಮಲಗಿಸಿದ್ದರು. ಅವರ ಕೈಯಲ್ಲಿ ಬಂದೂಕಿನಂಥ ಒಂದು ಯಂತ್ರವಿತ್ತು. ಅದನ್ನು ಹಿಡಿದು ಒತ್ತಿದರೆ ಯಾವ ಲೋಹವಿದೆಯೆಂದು ಹೇಳುತ್ತದೆ. ಮೊದಲು ಅದರಲ್ಲಿ ದಾಟಿದ ಮೀನು ಮಾತ್ರ ಒಳಗಿನ ದೊಡ್ಡ ಯಂತ್ರಕ್ಕೆ ಹೋಗಬೇಕು. ಮೇಡಂ ಬಾಲಕ್ಕೆ ಹಿಡಿದರು. ಏನಿಲ್ಲ. ಹೊಟ್ಟೆಗೆ ಹಿಡಿದರು. ಏನಿಲ್ಲ. ತಲೆಯ ಹತ್ತಿರ ತಂದರು. ಯಂತ್ರ ಒಂದೇ ಸಮನೆ ಕಿರುಚಿತು.

“ಸೀಸ!” ಎಂದರು ಮೇಡಂ. “ಅಯ್ಯೋ, ಏನ್ರಿ ಇದು? ಇಷ್ಟು ಸೀಸ ನಾ ಎಂದೂ ನೋಡಿಲ್ಲ.”

ಬಾಗಿಲಲ್ಲಿ ಬಂದು ನಿಂತಿದ್ದ ಬೀರಣ್ಣ ಮೇಜಿನ ಹತ್ತಿರ ಧಾವಿಸಿದ. ಹಾಗಾದರೆ ಊರವರು ಹೇಳಿದ್ದು ಖರೇ? ಹೊಳೆಯೇ ಕೆಟ್ಟಿತೆ? ಸಿದ್ದಕ್ಕನಿಗೆ ಏನೆಂದು ಹೇಳುವುದು, ಯಾವ ಮುಖದಲ್ಲಿ ಹೇಳುವುದು? “ಮೇಡಂ, ಇನ್ನೊಮ್ಮೆ ನೋಡ್ರಿ. ಬಡವಿ ಅದಾಳ್ರಿ ಆಕಿ. ಇನ್ನೊಮ್ಮೆ ನೋಡ್ರಿ.”

“ಬಡವಿ ಅಂತ ಯಂತ್ರಕ್ಕ ತಿಳೀತೈತೇನ್ರಿ?” ಎಂದರೂ ಮೇಡಂ ಚಿಮಟ ತೆಗೆದುಕೊಂಡು ಮೀನಿನ ಬಾಯಿ ಬಿಡಿಸಿದರು. ಕರಿದಾರದ ಸಮೇತ ತಾಯತ ಹೊರಗೆ ಬಂತು.

ಮೇಡಂ ತಾಯತ ನೋಡಿದರು. ಬಿಚ್ಚಿಕೊಂಡಿದ್ದ ಅಂಗಿಯ ಗುಂಡಿ ನೋಡಿದರು. ವಿಭೂತಿ ಬಳಿದ ಮುಖ ನೋಡಿದರು.

“ಯಾರದಿದು?”

“ನಂದ್ರಿ.”

“ಮೀನು ಕೊರಳಿಗೆ ಹಾಕ್ಕೊಳ್ಳಾಕ ಬರೂದಿಲ್ಲಂತ ಬಾಯಾಗ ಇಟ್ಟಿರೇನು?”

“ಶನಿ ಅಮಾಸಿ ಇತ್ರಿ… ಗೇಟಿನ ತನಕ ಅಂತ… ಅದು ಬೆಳ್ಳಿದೈತ್ರಿ ಮೇಡಂ. ನಮ್ಮವ್ವನ ಕಾಲುಂಗುರ ಕರಗಿಸಿ ಮಾಡಿಸಿದ್ದು.”

ಮೇಡಂ ಯಂತ್ರವನ್ನು ತಾಯತಕ್ಕೆ ಹಿಡಿದರು. ಓದಿದರು. ಮತ್ತೊಮ್ಮೆ ಹಿಡಿದರು. ಬೈಯಲು ತೆರೆದಿದ್ದ ಬಾಯಿ ಮುಚ್ಚಿಕೊಂಡರು.

“ಬೀರಣ್ಣ, ಇದರಾಗ ಬೆಳ್ಳಿ ಹೆಸರಿಗೂ ಇಲ್ಲ. ಎಲ್ಲಾ ಸೀಸ. ಎಷ್ಟು ವರ್ಷ ಆತು ಹಾಕ್ಕೊಂಡು?”

“ಅಪ್ಪ ಸತ್ತಾಗಿಂದ್ರಿ.”

“ಮೀನು ಚೊಲೋ ಕಾಣತೈತಿ. ನೀವ ಸುರಕ್ಷಿತ ಇಲ್ಲ.”

ಬೇರೆ ಯಾರಾದರೂ ನಗುತ್ತಿದ್ದರೇನೋ. ಬೀರಣ್ಣ ಪತ್ತಾರನ ಅಂಗಡಿಯ ಮುಂದೆ ಸೆರಗು ಹೊದ್ದು ಕೂತಿದ್ದ ಅವ್ವನನ್ನು ನೆನೆಸಿಕೊಂಡ. ಅವಳು ಕಣ್ಣೀರು ಒರೆಸಿಕೊಂಡು ಕೊಟ್ಟ ಕಾಲುಂಗುರ ಯಾರ ಕಾಲಿಗೆ ಹೋಯಿತೋ. ಅವನಿಗೆ ಅಳು ಬಂತು. ವಿಭೂತಿ ಕಣ್ಣಿಗೆ ಹೋಯಿತೆಂದು ಹೇಳಿ ಒರೆಸಿಕೊಂಡ.

ನೇತ್ರಾ ಮೇಡಂ ತಾಯತವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಕೆಂಪು ಲೇಬಲ್ ಅಂಟಿಸಿದರು. “ಇದನ್ನ ಮತ್ತ ಮೈಗೆ ಹಚ್ಚಬ್ಯಾಡ್ರಿ. ದವಾಖಾನಿಗೆ ಹೋಗಿ ರಕ್ತ ತೋರಸ್ರಿ. ಈ ಮೀನ ನಡಿಯೂದಿಲ್ಲ. ಲೋಹ ತಾಗಿದ್ದನ್ನ ನಾ ಪರೀಕ್ಷಾ ಮಾಡೂಹಂಗಿಲ್ಲ.” ಸ್ವಲ್ಪ ತಡೆದು ಹೇಳಿದರು, “ನಾಳೆ ಮುಂಜಾನೆ ಹೊಸಾ ಮೀನ ತರ್ರಿ. ಆಯಿತವಾರ ಆದ್ರೂ ನಾ ಬರ್ತೀನಿ. ಮೀನ ಅಂದ್ರ ಮೀನಷ್ಟ ತರ್ರಿ.”

ಕೋಣೆಗೆ ಮರಳಿದಾಗ ಬಸವಣ್ಣೆವ್ವ ಕಟ್ಟೆಯ ಮೇಲೆ ಕಾದಿದ್ದ ಹಾಗೆ ಕೂತಿದ್ದಳು. ಪಕ್ಕದಲ್ಲಿ ಅನುರಾಧಾ.

“ಆತೇನೋ ಆಕಿ ಕೆಲಸ?”

“ನಾಳೆ ಆಗತೈತ್ರಿ.”

“ನಿನ್ನ ಕೊರಳಾಗಿನ ತಾಯತ ಎಲ್ಲಿ? ದಾರ ಕಾಣವಲ್ದು?”

“ಲ್ಯಾಬಿನ್ಯಾಗ… ಉಳೀತ್ರಿ,” ಎಂದು ಬೀರಣ್ಣ ಒಳಗೆ ನುಸುಳಿದ. ಹಿಂದೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಅವನಿಗೆ ಕಾಣಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋಗಿ ಸಿದ್ದಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಬೈದರೆ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ. ಸಿದ್ದಕ್ಕ ಮೊದಲು ನಕ್ಕಳು. ಬುಟ್ಟಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಆ ನೀರನ್ನು ಒರೆಸಿಕೊಳ್ಳುವಾಗ ನಗು ನಿಂತಿತು.

“ನನ್ನ ಮೀನಕ್ಕ ನಿಮ್ಮ ಜೀವಾ ಕಾಯೂದನ್ನ ಇಟ್ಟಿರೇನ್ರಿ?”

“ಜೀವಾ ಕಾಯೂದಲ್ಲ ಅಕ್ಕಾ ಅದು. ಸೀಸ.”

“ನಿಮಗೇನು ಗೊತ್ತಿತ್ತು? ಕಾಯತೈತಿ ಅಂತ ತಿಳದು ಇಟ್ರಿ.” ಅವಳು ಸೆರಗಿನ ಗಂಟು ಬಿಚ್ಚಿ, ಮೊಳೆಗೆ ಕರಿದಾರ ಸುತ್ತಿ, ಅವನ ತೋಳು ಹಿಡಿದಳು. ಬೀರಣ್ಣ ನಿಯಮ ಎಂದು ಬಾಯಿ ತೆರೆದ. “ಸುಮ್ಕಿರೋ ತಮ್ಮಾ. ಕೊಡಾಕತ್ತಿಲ್ಲ, ಎರವಲಾ. ಲೇಬಲ್ ತಂದು ಕೊಡು, ಮೊಳಿ ವಾಪಸ್ ಕೊಡು.”

ನಿನ್ನೆಯವರೆಗೆ ಸಾಹೇಬನಾಗಿದ್ದವನು ತಮ್ಮನಾದದ್ದು ಬೀರಣ್ಣನ ಗಮನಕ್ಕೆ ಬಂತು. ತೋಳು ಹಿಂದೆಗೆಯಲಿಲ್ಲ.

ಬಸ್ಸಿನಲ್ಲಿ ಮತ್ತೆ ನಾಗಲಿಂಗನೇ. “ಇವತ್ತರ ಮೊಳಿ…” ಎಂದು ಅವನು ಕೇಳುವ ಮೊದಲೇ ಬೀರಣ್ಣ ಅಂಗಿಯ ತೋಳು ಮೇಲೆತ್ತಿ ತೋರಿಸಿದ. ನಾಗಲಿಂಗ ಸೀಟಿ ಊದಿದ. ಬಸ್ಸು ಬಾಣದಂತೆ ಬಂತು. ಮೀನು ಬಂದೂಕಿನಲ್ಲಿ ದಾಟಿತು, ದೊಡ್ಡ ಯಂತ್ರದಲ್ಲೂ ದಾಟಿತು. ಹೊಳೆ ಸ್ವಚ್ಛ, ಮೀನು ಸ್ವಚ್ಛ. ಮೇಡಂ ಹಸಿರು ಲೇಬಲ್ ಕೈಗಿಟ್ಟು, ಹುಡುಗಾಟಕ್ಕೆ ಅವನ ತೋಳಿನ ಮೊಳೆಗೂ ಯಂತ್ರ ಹಿಡಿದರು.

“ಬರೇ ಕಬ್ಬಣ. ಇದೇನೂ ಮಾಡೂದಿಲ್ಲ. ಇಟ್ಕೋರಿ.”

ಬೀರಣ್ಣ ಸಿದ್ದಕ್ಕನಿಗೆ ಫೋನ್ ಮಾಡಿದ. ಲೇಬಲ್ ಬಂತು ಎಂದ. ಆ ಕಡೆ ಹೊಳೆಯ ಸದ್ದು ಕೇಳುತ್ತಿತ್ತು. ಆಮೇಲೆ ಅವಳು, “ತಮ್ಮಾ, ಉಂಡಿಯೇನು?” ಎಂದಳು.

ಗಾಳಿಯಲ್ಲಿ ತೇಲಿದಂತೆ ಟಿಳಕವಾಡಿಗೆ ಬಂದ. ಗೇಟು ತೆರೆದರೆ, ಕಟ್ಟೆಯ ಮೇಲೆ ಬಸವಣ್ಣೆವ್ವನ ಪಕ್ಕದಲ್ಲಿ ಕೂತಿದ್ದವಳು ಅವನ ಅವ್ವ. ಮೊದಲ ಗಾಡಿಗೆ ಊರಿಂದ ಬಂದವಳು. ಕಣ್ಣು ನಿದ್ದೆಯಿಲ್ಲದೆ ಕೆಂಪಗಾಗಿದ್ದವು.

“ತಾಯತ ಹೋತಂತ. ಬಸವಣ್ಣೆವ್ವಾರು ಫೋನ್ ಮಾಡಿದ್ರು. ಶನಿ ಅಮಾಸಿ ದಿನಾನ ಹೋಗಬೇಕಾ? ರಾತ್ರಿ ನನ್ನ ಜೀವ ನಿಲ್ಲಲಿಲ್ಲೋ. ಆಗಿಂದಾಗ ಹೋಗಿ ಪತ್ತಾರನ ಬಾಗಲಾ ಬಡದೆ. ಪುಣ್ಯಾತ್ಮ, ಎದ್ದು ಬಂದ. ತಯಾರ ಇಟ್ಟಿದ್ದನ್ನ ಕೊಟ್ಟ.”

ಅವಳು ಮಡಿಲಿನಿಂದ ಒಂದು ತಾಯತ ತೆಗೆದಳು. ಹಳೆಯದಕ್ಕಿಂತ ಎರಡು ಪಟ್ಟು ದಪ್ಪ.

“ಅದ ಪತ್ತಾರನಾ?” ಎಂದ ಬೀರಣ್ಣ.

“ಮತ್ಯಾರು? ಅಪ್ಪಟ ಬೆಳ್ಳಿ ಕೊಡಾಂವ ಅವನೊಬ್ಬಾಂವನ. ನನ್ನ ಕಡಗ ಕೊಟ್ಟೆ. ಮುದುಕಿಗೆ ಯಾಕ ಬೇಕು ಕಡಗ?”

ಬೀರಣ್ಣ ಅವಳ ಕೈ ನೋಡಿದ. ಮದುವೆಯಾದಾಗಿನಿಂದ ತೆಗೆಯದ ಬೆಳ್ಳಿ ಕಡಗ ಇದ್ದ ಜಾಗದಲ್ಲಿ, ಬಿಸಿಲು ಕಾಣದ ಚರ್ಮ ಒಂದು ಬಿಳಿಯ ಪಟ್ಟಿಯಾಗಿ ಉಳಿದಿತ್ತು. ಹೇಳಬೇಕೆಂದು ಬಾಯಿ ತೆರೆದ. ಕಡಗದ ಜೊತೆಗೆ ಕಾಲುಂಗುರದ ಮಾತೂ ಬರುತ್ತದೆ, ಅಪ್ಪ ಇನ್ನೊಮ್ಮೆ ಸಾಯುತ್ತಾನೆ. ಮುಚ್ಚಿಕೊಂಡ.

ಅಷ್ಟರಲ್ಲಿ ಅವಳ ಕಣ್ಣು ಅವನ ತೋಳಿನ ಮೇಲೆ ಬಿತ್ತು.

“ಇದೇನೋ ಇದು, ತುಕ್ಕು ಹಿಡದ ಮೊಳಿ? ಚುಚ್ಚಿದ್ರ ನಂಜಾಗೂದಿಲ್ಲೇನು? ಲ್ಯಾಬಿನ್ಯಾಗ ಕೆಲಸ ಮಾಡ್ತಿ, ಇಷ್ಟೂ ತಿಳೀಬಾರದಾ?” ದಾರ ಹರಿದು, ಮೊಳೆಯನ್ನು ಬಸವಣ್ಣೆವ್ವನ ದಾಸವಾಳದ ಕುಂಡಕ್ಕೆ ಎಸೆದಳು. ಅದನ್ನು ಹುಡುಕಿ ಸಿದ್ದಕ್ಕನಿಗೆ ಮುಟ್ಟಿಸಬೇಕೆಂದು ಬೀರಣ್ಣ ಬಿದ್ದ ಜಾಗ ಗುರುತಿಟ್ಟುಕೊಂಡ.

“ಬಾ, ಬಗ್ಗು.”

ಜೇಬಿನಲ್ಲಿ ಹಸಿರು ಲೇಬಲ್ ಇಟ್ಟುಕೊಂಡು ಬೀರಣ್ಣ ಕೊರಳು ಬಗ್ಗಿಸಿದ. ಅವ್ವ ಕರಿದಾರವನ್ನು ಗಟ್ಟಿಯಾಗಿ ಗಂಟು ಹಾಕಿ, ತಾಯತವನ್ನು ಅಂಗಿಯೊಳಗೆ ಇಳಿಬಿಟ್ಟು, ಮೇಲಿನಿಂದ ಎರಡು ಸಲ ತಟ್ಟಿದಳು. ಬಸವಣ್ಣೆವ್ವ ಸಮಾಧಾನದಿಂದ ಉಸಿರು ಬಿಟ್ಟಳು. ಗೋಡೆಯ ಆಚೆಯಿಂದ ಅನುರಾಧಾ ತಲೆಯಾಡಿಸಿದಳು.

“ಈಗ ನೋಡು,” ಎಂದಳು ಸತ್ಯವ್ವ, “ಇನ್ನ ನಿನಗೇನೂ ಆಗೂದಿಲ್ಲ.”

“ಹೂಂ ಅವ್ವ,” ಎಂದ ಬೀರಣ್ಣ.